ಚಪ್ಪಲಿ ಕಳಚಿದ್ದು ಗೊತ್ತಾಗಲಿಲ್ಲ

ಹೋದ ವಾರ ಬೆಂಗಳೂರಿನ ಆಸ್ಪತ್ರೆಗೆ ಕಾಲು ತೋರಿಸಿಕೊಂಡು ಬಂದೆ. ಇನ್ನು ಮೂರು ತಿಂಗಳು ಬಿಟ್ಟು ಬಂದರೆ ಸಾಕು ಅಂದಿದ್ದಾರೆ. ಎರಡು ವರ್ಷದಿಂದ ಕಾಲಿನ ಸಲುವಾಗಿ ಅಲೆದಿದ್ದೇನೆ. ಮರೆಯುವ ಮೊದಲು ಎಲ್ಲ ಬರೆದಿಡೋಣ ಅನ್ನಿಸಿತು. ಶುಗರ್ ಇದ್ದು ಕಾಲು ಉರಿಯುವವರು, ಜೋಮು ಹಿಡಿಯುವವರು ಓದಲಿ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಒಂದು ವರ್ಷವೂ ಹತ್ತು ಸಾವಿರಕ್ಕೂ ಮೇಲೆ ದುಡ್ಡೂ ಉಳಿಯುತ್ತಿತ್ತು.

ನಾನು ತಿಪಟೂರಿನಲ್ಲಿ ಟೈಲರ್. ವಯಸ್ಸು 54. 2011ರಿಂದ ಶುಗರ್ ಇದೆ. ಅಂದಿನಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದೇನೆ. ಇಪ್ಪತ್ತೆಂಟು ವರ್ಷದಿಂದ ತುಳಿಯುವ ಮೆಷಿನ್ನೇ ನನ್ನ ಅನ್ನ. ಅಂದರೆ ಕಾಲೇ ನನ್ನ ಅನ್ನ.

2023ರ ಶ್ರಾವಣ. ಬಸ್ ಸ್ಟ್ಯಾಂಡ್ ಹತ್ತಿರ ನಡೆದು ಹೋಗುತ್ತಿದ್ದೆ. "ಯಜಮಾನ್ರೇ, ನಿಮ್ಮ ಚಪ್ಪಲಿ!" ಅಂತ ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ನನ್ನ ಬಲಗಾಲಿನ ಹವಾಯಿ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿದೆ. ನಾನು ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲಲ್ಲಿ ನಡೆಯುತ್ತಿದ್ದೇನೆ. ಚಪ್ಪಲಿ ಸವೆದಿದೆ ಅಂದುಕೊಂಡು ಹೊಸ ಜೋಡಿ ತಗೊಂಡೆ. ಅದೂ ಕಳಚಿತು.

ಆ ಹೊತ್ತಿಗೆ ರಾತ್ರಿ ಉರಿ ಶುರುವಾಗಿತ್ತು. ಹಗಲು ಅಷ್ಟಿಲ್ಲ. ರಾತ್ರಿ ಹತ್ತಾದರೆ ಸಾಕು, ಅಂಗಾಲಿಗೆ ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಹೊದಿಕೆ ಬೆರಳಿಗೆ ತಗುಲಿದರೂ ಮುಳ್ಳು ಗೀರಿದ ಹಾಗೆ ಆಗುತ್ತಿತ್ತು. ಎರಡು ಗಂಟೆಗೆ ಎದ್ದು ಬಚ್ಚಲುಮನೆಯ ಒದ್ದೆ ನೆಲದ ಮೇಲೆ ಕಾಲಿಟ್ಟು ನಿಂತುಕೊಳ್ಳುತ್ತಿದ್ದೆ. ಗೋಡೆಗೆ ಒರಗಿ ಅಲ್ಲೇ ತೂಕಡಿಸಿದ್ದೂ ಇದೆ. ಮನೆಯವಳು ಬಂದು "ರೀ, ಬಿದ್ದುಗಿದ್ದು ಹೋಗ್ತೀರ" ಅಂತ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಇಷ್ಟು ಉರಿಯುವ ಕಾಲಿಗೆ ಚಪ್ಪಲಿ ಕಳಚಿದ್ದು ಯಾಕೆ ತಿಳಿಯಲಿಲ್ಲ ಅಂತ ನಾನು ಒಂದು ದಿನವೂ ಯೋಚನೆ ಮಾಡಲಿಲ್ಲ. ಉರಿ ಹೋದರೆ ಕಾಲು ಸರಿಹೋದಂತೆ ಅಂತಲೇ ನಂಬಿದ್ದೆ.

ಹತ್ತಿರದ ಕ್ಲಿನಿಕ್ಕಿಗೆ ಹೋದೆ. "ನರದ ವೀಕ್‌ನೆಸ್" ಅಂದರು. ಕೆಂಪು ಬಣ್ಣದ ಇಂಜೆಕ್ಷನ್ ಎಂಟು ವಾರ. ಪ್ರತಿ ಸಲ 250 ರೂಪಾಯಿ. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಉರಿ ಹಾಗೇ ಇತ್ತು.

ಆಮೇಲೆ ಊರಿನವರ ಸಲಹೆ. ಬೇವಿನ ಸೊಪ್ಪು, ಹರಳೆಣ್ಣೆ, ಮೆಂತ್ಯ. ನಮ್ಮೂರು ಕೊಬ್ಬರಿಯ ಊರು, ಕೊಬ್ಬರಿ ಎಣ್ಣೆಯಂತೂ ಕೇಳುವುದೇ ಬೇಡ. ಎಣ್ಣೆಯಿಂದ ಕೆಡುಕಾಗಲಿಲ್ಲ, ಹಿಮ್ಮಡಿ ಒಡೆಯುವುದು ಕಡಿಮೆ ಆಯಿತು. ಈಗಲೂ ಹಚ್ಚುತ್ತೇನೆ, ಬೆರಳ ಸಂದಿ ಬಿಟ್ಟು. ಸಂದಿಯಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತರೆ ಹುಣ್ಣಾಗುತ್ತದೆ ಅಂತ ಆಮೇಲೆ ಹೇಳಿಕೊಟ್ಟರು.

2024ರ ಜನವರಿಯಲ್ಲಿ ಒಬ್ಬರು ಪಾದದ ಮೆಷಿನ್ ತಂದು ತೋರಿಸಿದರು. ಮೇಲೆ ಕಾಲಿಟ್ಟರೆ ಗುಡುಗುಡು ಅಲುಗುತ್ತದೆ. "ಮೂವತ್ತು ದಿನದಲ್ಲಿ ನರ ಮತ್ತೆ ಚಿಗುರುತ್ತೆ" ಅಂದರು. 6,500 ರೂಪಾಯಿ. ಕಂತಿನಲ್ಲಿ ತಗೊಂಡೆ. ಜತೆಗೆ ದಿನಾ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಬೇಕು ಅಂದರು. ಅದನ್ನೂ ಮಾಡಿದೆ. ಒಂದು ಸಂಜೆ ಕಾಲು ತೆಗೆದಾಗ ಹೆಬ್ಬೆರಳಿನ ಪಕ್ಕ ದೊಡ್ಡ ಬೊಬ್ಬೆ. ನೀರು ಎಷ್ಟು ಬಿಸಿ ಇತ್ತು ಅಂತ ನನಗೆ ಗೊತ್ತೇ ಆಗಿರಲಿಲ್ಲ. ಮನೆಯವಳು ಅದೇ ಟಬ್ಬಿಗೆ ಕೈ ಅದ್ದಿ ತಟ್ಟನೆ ತೆಗೆದಳು.

ಇದೊಂದು ಮಾತು ಕೇಳಿ. ಶುಗರ್ ಇದ್ದು ಕಾಲು ಜೋಮು ಹಿಡಿದವರು ಬಿಸಿನೀರಿಗೆ ಕಾಲು ಅದ್ದಲೇಬೇಡಿ. ಸ್ನಾನದ ನೀರನ್ನೂ ಮೊಣಕೈ ಅದ್ದಿ ನೋಡಿ, ಇಲ್ಲವೇ ಮನೆಯವರ ಕೈಯಲ್ಲಿ ನೋಡಿಸಿ. ಬಿಸಿನೀರಿನ ಬ್ಯಾಗು, ಇಸ್ತ್ರಿ ಮಾಡಿದ ಬಟ್ಟೆಯ ಶಾಖ, ಚಳಿಗಾಲದ ಬೆಂಕಿ, ಎಲ್ಲಕ್ಕೂ ಇದೇ ಮಾತು. ಆ ಬೊಬ್ಬೆ ಒಣಗಲು ಐದು ವಾರ ಬೇಕಾಯಿತು.

ಜೂನ್ ತಿಂಗಳು. ಶಾಲೆ ಶುರುವಾಗುವ ಸಮಯ, ಯೂನಿಫಾರಂ ಹೊಲಿಗೆ ಜಾಸ್ತಿ. ಬೆಳಗ್ಗೆಯಿಂದ ಸಂಜೆವರೆಗೆ ಮೆಷಿನ್ ತುಳಿದಿದ್ದೆ. ಮನೆಗೆ ಬಂದು ಹಾಲ್‌ನಲ್ಲಿ ನಡೆಯುತ್ತಿದ್ದರೆ ನೆಲದಲ್ಲಿ ಟಕ್ ಟಕ್ ಅಂತ ಸದ್ದು. ಮನೆಯವಳು ಕೆಳಗೆ ನೋಡಿದಳು. ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ರಕ್ತ. ಕಾಲು ಎತ್ತಿ ನೋಡಿದರೆ ಗುಂಡುಸೂಜಿ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಪೂರ್ತಿ ಒಳಗೆ ಹೋಗಿದೆ, ತಲೆ ಮಾತ್ರ ಹೊರಗಿದೆ. ಆ ತಲೆ ನೆಲಕ್ಕೆ ತಾಗಿದ ಸದ್ದು ಅದು. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಮೆಷಿನ್ ತುಳಿಯುವುದು ನನ್ನ ಅಭ್ಯಾಸ. ಎಷ್ಟು ಹೊತ್ತಿಗೆ ಚುಚ್ಚಿತೋ ದೇವರಿಗೇ ಗೊತ್ತು. ಅವಳು ಅಳುತ್ತಾ ಎಳೆದು ತೆಗೆದಳು. ನನಗೆ ನೋವಾಗಲಿಲ್ಲ. ಅಷ್ಟು ದಿನ ನೋವಿಗೆ ಹೆದರಿದ್ದವನು ಅವತ್ತು ನೋವಾಗದ್ದಕ್ಕೆ ಹೆದರಿದೆ.

ಟಿಟಿ ಇಂಜೆಕ್ಷನ್ ಹಾಕಿಸಿ, ಗಾಯ ತೊಳೆಸಿ, ಮುಂದಿನ ವಾರವೇ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಬೆಳಗ್ಗೆ ಒಂಬತ್ತಕ್ಕೆ ಚೀಟಿ, ಮಧ್ಯಾಹ್ನ ಎರಡಕ್ಕೆ ಡಾಕ್ಟರ್ ದರ್ಶನ. ಕನ್ಸಲ್ಟೇಶನ್ 600. ನರದ ಕರೆಂಟ್ ಪರೀಕ್ಷೆಗೆ 3,200. ಕಾಲಿಗೆ ಪಟ್ಟಿ ಅಂಟಿಸಿ ಸಣ್ಣ ಸಣ್ಣ ಶಾಕ್ ಕೊಡುತ್ತಾರೆ, ಕಾಲು ಎಗರುತ್ತದೆ. ಸಹಿಸಬಹುದು, ಹೆದರಬೇಡಿ. ವರದಿಯಲ್ಲಿ ಎರಡೂ ಕಾಲಿನ ನರ ಮಂದ ಆಗಿದೆ ಅಂತ ಬಂತು. "ಡಯಾಬಿಟಿಕ್ ನ್ಯೂರೋಪತಿ", ಅಂದರೆ ಶುಗರಿನಿಂದ ನರ ಹಾಳಾಗುವುದು, ಅನ್ನುವ ಹೆಸರು ಕೇಳಿದ್ದು ಅವತ್ತೇ ಮೊದಲು. ಉರಿಗೆ ಪ್ರಿಗಾಬಲಿನ್ 75 ಮಿ.ಗ್ರಾಂ ಮಾತ್ರೆ, ದಿನಕ್ಕೆರಡು ಬರೆದರು.

ಮಾತ್ರೆ ಕೆಲಸ ಮಾಡಿತು. ಹತ್ತು ದಿನದಲ್ಲಿ ಉರಿ ಅರ್ಧ ಇಳಿಯಿತು. ಆದರೆ ಬೆಳಗ್ಗೆಯ ಮಾತ್ರೆ ತಗೊಂಡು ಮೆಷಿನ್ ಮುಂದೆ ಕೂತರೆ ತಲೆ ತೂಗುತ್ತಿತ್ತು. ಒಂದು ಸಲ ಸೂಜಿ ಬೆರಳಿನ ಉಗುರಿಗೇ ಇಳಿಯಿತು. ಪಾದ ಊದಿಕೊಂಡಿತು. ಭಯಪಟ್ಟು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ. ಎರಡು ರಾತ್ರಿ ರೆಪ್ಪೆ ಮುಚ್ಚಲಿಲ್ಲ. ಮೈಯೆಲ್ಲ ಬೆವರು, ಎದೆ ಡವಡವ. ಈ ಜಾತಿಯ ಮಾತ್ರೆಗಳನ್ನು ಒಮ್ಮೆಲೇ ಬಿಡಬಾರದಂತೆ, ಸ್ವಲ್ಪ ಸ್ವಲ್ಪ ಇಳಿಸಬೇಕಂತೆ. ಮಂಪರು, ಊತ ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಬದಲಾಯಿಸುತ್ತಾರೆ. ನೀವೇ ನಿಲ್ಲಿಸಬೇಡಿ.

ಅಲ್ಲಿಗೆ ಮೂರು ಸಲ ಹೋಗಿ ಬಂದೆ. ಮೂರು ಸಲವೂ ವರದಿ ನೋಡಿದರು. ಒಂದು ಸಲವೂ ಚಪ್ಪಲಿ ಬಿಡಿಸಿ ಕಾಲು ನೋಡಲಿಲ್ಲ. ಈಗ ನೆನೆದರೆ ನನಗೆ ಬೇಜಾರಾಗುವುದು ಇದೊಂದಕ್ಕೇ.

ಬೆಂಗಳೂರಿಗೆ ಹೋಗು ಅಂತ ಹೇಳಿದ್ದು ನಮ್ಮ ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನ ಸಿಸ್ಟರ್. ಶುಗರ್, ಬಿಪಿ ಮಾತ್ರೆ ಅಲ್ಲಿ ಪುಕ್ಕಟೆ ಕೊಡುತ್ತಾರೆ, ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ಮೊದಲು ಅದಕ್ಕೆ ಡಯಾಬಿಟಾಲಜಿ ಸಂಸ್ಥೆ ಅನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಅಲ್ಲಿ ಪಾದಕ್ಕೇ ಬೇರೆ ವಿಭಾಗ ಇದೆ ಅಂದರು. ಪಾದಕ್ಕೆ ಬೇರೆ ಡಾಕ್ಟರ್ ಇರುತ್ತಾರೆ ಅನ್ನುವುದೇ ನನಗೆ ಹೊಸ ವಿಷಯ.

2024ರ ನವೆಂಬರ್. ಬೆಳಗಿನ ರೈಲು ಹತ್ತಿದೆವು. ಬಸ್ಸಲ್ಲಾದರೆ ಮನೆಯವಳಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಪುಕ್ಕಟೆ, ಆದರೆ ನನಗೆ ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂರಲು ಆಗುತ್ತಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಲೈನ್ ಮೆಟ್ರೋ ಹತ್ತಿ. ಚಿಕ್ಕಪೇಟೆ ಆದ ಮೇಲೆ ಕೆ.ಆರ್. ಮಾರ್ಕೆಟ್. ಮೇಲೆ ಬಂದರೆ ವಿಕ್ಟೋರಿಯಾ ಅಲ್ಲೇ. ಆಟೋದವರ ಹತ್ತಿರ ಚೌಕಾಸಿ ಬೇಕಿಲ್ಲ.

ಒಂದು ಫೈಲಿನಲ್ಲಿ ಎಲ್ಲ ಇಟ್ಟುಕೊಂಡಿರಿ. ಆಧಾರ್, ರೇಷನ್ ಕಾರ್ಡ್, ಎರಡಕ್ಕೂ ಎರಡೆರಡು ಜೆರಾಕ್ಸ್. ತಾಲೂಕು ಆಸ್ಪತ್ರೆಯ ರೆಫರಲ್ ಚೀಟಿ. ಹಳೆಯ ವರದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಕಿಡ್ನಿಯ ಕ್ರಿಯಾಟಿನಿನ್ ವರದಿ ಇದ್ದರೆ ಖಂಡಿತ ಇಡಿ, ನರದ ಮಾತ್ರೆಯ ಡೋಸ್ ಅದನ್ನು ನೋಡಿಯೇ ಕೊಡುತ್ತಾರೆ. ತಗೊಳ್ಳುವ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೂ ಇಡಿ, ಹೆಸರು ಬಾಯಿಗೆ ಬರುವುದಿಲ್ಲ. ಎಲ್ಲ ಜಿಲ್ಲೆಯವರೂ ಬರುವ ಜಾಗ, ಕಾಯುವುದು ಇದ್ದೇ ಇರುತ್ತದೆ. ಡಬ್ಬಿಯಲ್ಲಿ ತಿಂಡಿ ಕಟ್ಟಿಕೊಳ್ಳಿ. ಮಾತ್ರೆ ತಗೊಂಡು ತಿನ್ನದೆ ಕ್ಯೂನಲ್ಲಿ ನಿಂತರೆ ಶುಗರ್ ಇಳಿದು ತಲೆ ಸುತ್ತುತ್ತದೆ. ನನ್ನ ಮುಂದೆ ನಿಂತಿದ್ದ ಅಜ್ಜಿಗೆ ಹಾಗೇ ಆಯಿತು, ಮನೆಯವಳು ಬ್ಯಾಗಿನಿಂದ ಬೆಲ್ಲ ತೆಗೆದು ಕೊಟ್ಟಳು.

ಒಳಗೆ ಕರೆದಾಗ ಹನ್ನೆರಡಾಗಿತ್ತು. ಕಾಲು ಪರೀಕ್ಷೆ ಮಾಡುವವಳು ಮಗಳ ವಯಸ್ಸಿನ ಹುಡುಗಿ. "ಅಂಕಲ್, ಚಪ್ಪಲಿ ಬಿಟ್ಟು ಮಲಗಿ" ಅಂದಳು. ಎರಡೂ ಕಾಲನ್ನು ಕೈಯಲ್ಲಿ ಹಿಡಿದು, ಒಂದೊಂದು ಬೆರಳ ಸಂದಿಯನ್ನೂ ಬಿಡಿಸಿ ನೋಡಿದಳು. ನನಗೆ ಗಂಟಲು ಕಟ್ಟಿಬಂತು.

"ಕಣ್ಣು ಮುಚ್ಚಿ. ತಗುಲಿದಾಗ ಹೂಂ ಅನ್ನಿ" ಅಂದಳು. ಕೈಯಲ್ಲಿ ಗಾಳದ ದಾರದಂಥ ನೈಲಾನ್ ಎಳೆ. ಒತ್ತಿದರೆ ಹತ್ತು ಗ್ರಾಂ ಭಾರಕ್ಕೆ ಬಗ್ಗುತ್ತದೆ. ನಾನು ಕಾಯುತ್ತಾ ಮಲಗಿದ್ದೆ. ಎರಡು ಮೂರು ಸಲ ಹೂಂ ಅಂದೆ. ಉಳಿದದ್ದು ಇನ್ನೂ ಶುರುಮಾಡಿಲ್ಲ ಅಂದುಕೊಂಡು "ಮುಂದೆ ಮಾಡಮ್ಮ" ಅಂದೆ. "ಮುಗೀತು ಅಂಕಲ್, ಹತ್ತು ಕಡೆ ಮುಟ್ಟಿದೆ" ಅಂದಳು. ಹತ್ತರಲ್ಲಿ ಮೂರು ಮಾತ್ರ ಹೇಳಿದ್ದೆ. ದಾರ ಬೆರಳಿಗೆ ತಗುಲಿದರೆ ಕಾಟನ್ನೋ ಪಾಲಿಯೆಸ್ಟರೋ ಕಣ್ಣುಮುಚ್ಚಿ ಹೇಳುವವನು ನಾನು. ಅದೇ ದಾರ ಕಾಲಿಗೆ ತಗುಲಿದರೆ ನನಗೆ ಏನೂ ಇಲ್ಲ.

ಆಮೇಲೆ ಬಯೋಥೀಸಿಯೋಮೀಟರ್. ಅಲುಗುವ ಕಡ್ಡಿಯನ್ನು ಪಾದಕ್ಕೆ ಒತ್ತಿ ವೋಲ್ಟ್ ಏರಿಸುತ್ತಾ ಹೋಗುತ್ತಾರೆ. ಅಲುಗಿದ್ದು ತಿಳಿದ ಕೂಡಲೇ ಹೇಳಬೇಕು. 25 ದಾಟಿದರೆ ಹುಣ್ಣಾಗುವ ಅಪಾಯ ಜಾಸ್ತಿ. ನನಗೆ ಎಡಗಾಲು 33, ಬಲಗಾಲು 38. ಕೈ ಮತ್ತು ಕಾಲಿನ ಬಿಪಿ ಹೋಲಿಸಿ ರಕ್ತದ ಓಡಾಟವನ್ನೂ ನೋಡಿದರು. ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿದ ಲೆಕ್ಕ 0.9ಕ್ಕಿಂತ ಕೆಳಗಿದ್ದರೆ ರಕ್ತನಾಳ ಕಟ್ಟಿದೆ ಅಂತ ಅನುಮಾನ. ನನ್ನದು 1.02, ಚೆನ್ನಾಗಿದೆ ಅಂದರು. ಈ ಯಾವುದಕ್ಕೂ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ.

ರಕ್ತದಲ್ಲಿ ಎರಡು ವಿಷಯ ಸಿಕ್ಕಿತು. ಶುಗರಿನ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 9.4. ಏಳರ ಆಸುಪಾಸು ಇರಬೇಕಿತ್ತು. ಬಿ12 ವಿಟಮಿನ್ ಬರೀ 142, ಕಡಿಮೆ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಿಗೆ ಬಿ12 ಕಡಿಮೆ ಆಗಬಹುದಂತೆ. ಮಾಂಸ ತಿನ್ನದವರಿಗೆ ಇನ್ನೂ ಬೇಗ. ನಾನು ಎರಡೂ. ಬಿ12 ಕಡಿಮೆ ಇದ್ದರೂ ನರ ಹೀಗೇ ಹಾಳಾಗುತ್ತದೆ, ಅದನ್ನು ತುಂಬಿಸಿಕೊಳ್ಳಬಹುದು. ಹದಿಮೂರು ವರ್ಷದಲ್ಲಿ ಯಾರೂ ಈ ಪರೀಕ್ಷೆ ಬರೆದಿರಲಿಲ್ಲ. ನೀವು ವರ್ಷಾನುಗಟ್ಟಲೆ ಈ ಮಾತ್ರೆ ತಗೊಳ್ಳುತ್ತಿದ್ದರೆ ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಿ.

ಡಾಕ್ಟರ್ ಎದುರು ಕೂತು, "ಸರ್, ಇದು ಪೂರ್ತಿ ಗುಣ ಆಗುತ್ತಾ?" ಅಂತ ಕೇಳಿದೆ. ಅವರು ಸುತ್ತಿಬಳಸಿ ಹೇಳಲಿಲ್ಲ. "ಉರಿ ಬೇರೆ, ಸ್ಪರ್ಶ ಹೋಗಿರೋದು ಬೇರೆ. ಉರಿಗೆ ಮಾತ್ರೆ ಇದೆ. ಹೋದ ಸ್ಪರ್ಶ ವಾಪಸ್ ತರೋ ಮಾತ್ರೆ ಇಲ್ಲ. ಇನ್ನೂ ಹೋಗದ ಹಾಗೆ ಶುಗರ್ ಹಿಡಿದಿಡಬೇಕು. ಉಳಿದದ್ದಕ್ಕೆ ನಿಮ್ಮ ಕಣ್ಣು, ನಿಮ್ಮ ಚಪ್ಪಲಿ" ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಸುಮ್ನೆ ಕೂತೆ. ಮನೆಯವಳೂ ಮಾತಾಡಲಿಲ್ಲ. ಅಷ್ಟು ಹೊತ್ತಿಗೆ ಅವಳು ಕಟ್ಟಿತಂದಿದ್ದ ಚಪಾತಿ ಬಿಚ್ಚಿದಳು, ತಿಂದೆವು.

ಔಷಧಿ ಬದಲಾಯಿತು. ಪ್ರಿಗಾಬಲಿನ್ ರಾತ್ರಿ ಒಂದೇ. ಜತೆಗೆ ಉರಿಗೇ ಇನ್ನೊಂದು ಮಾತ್ರೆ, ಡುಲಾಕ್ಸೆಟಿನ್ 30 ಮಿ.ಗ್ರಾಂ. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು, ಊಟ ಆದ ಮೇಲೆ ತಗೊಂಡಿದ್ದಕ್ಕೆ ಸರಿಹೋಯಿತು. ಬಿ12 ಇಂಜೆಕ್ಷನ್ ಮೊದಲು ದಿನಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ರಾತ್ರಿ ಇನ್ಸುಲಿನ್ 8 ಯೂನಿಟ್‌ನಿಂದ ಶುರು. ನಾನು ಆತುರಪಟ್ಟು "ಬೇಗ ಇಳಿಸಿ ಸರ್" ಅಂದೆ. ಬೇಡ ಅಂದರು. ಬಹಳ ದಿನ ಏರಿದ್ದ ಶುಗರನ್ನು ಒಮ್ಮೆಲೇ ಇಳಿಸಿದರೆ ಕೆಲವರಿಗೆ ಉರಿ ಇನ್ನೂ ಜಾಸ್ತಿ ಆಗುತ್ತದಂತೆ. ಆ ಸರಾಸರಿ ಮೂರು ತಿಂಗಳಿಗೆ 8.3, ಆರು ತಿಂಗಳಿಗೆ 7.2ಕ್ಕೆ ಇಳಿಯಿತು.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಬೆಂಗಳೂರಲ್ಲಿ ನನಗೆ ಹೆಚ್ಚು ಖರ್ಚಾಗಲಿಲ್ಲ, ಓಡಾಟದ್ದೇ ಜಾಸ್ತಿ. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಆದರೆ ಅದು ದಾಖಲಾಗಿ ಮಾಡಿಸುವ ಚಿಕಿತ್ಸೆಗೆ. ತಿಂಗಳು ತಿಂಗಳು ಹೊರಗಡೆ ಕೊಳ್ಳುವ ಮಾತ್ರೆಗೆ ಬರುವುದಿಲ್ಲ. ತುಮಕೂರಲ್ಲಿ ಬರೆದ ಕಂಪನಿಯ ಮಾತ್ರೆಗೆ ತಿಂಗಳಿಗೆ 1,400 ಆಗುತ್ತಿತ್ತು. ಈಗ ಜನೌಷಧಿ ಅಂಗಡಿಯಲ್ಲಿ ತಗೊಳ್ಳುತ್ತೇನೆ, 500 ದಾಟುವುದಿಲ್ಲ. ಚೀಟಿಯಲ್ಲಿ ಔಷಧಿಯ ಮೂಲ ಹೆಸರನ್ನು ಬಿಡಿಸಿ ಬರೆಸಿಕೊಂಡು ಬನ್ನಿ. ಇಲ್ಲದಿದ್ದರೆ ಅಂಗಡಿಯಲ್ಲಿ ಇದು ಅದೇನಾ ಅಂತ ಗೊಂದಲವಾಗುತ್ತದೆ.

ಇನ್ನು ಚಪ್ಪಲಿ. ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಅನ್ನುತ್ತಾರೆ. ಒಳಗಿನ ರಬ್ಬರ್ ಮೆತ್ತಗೆ, ಹೊರಗಿನ ತಳ ಗಟ್ಟಿ. ಮೊದಲು ಕುಷ್ಠರೋಗದಿಂದ ಕಾಲಿನ ಸ್ಪರ್ಶ ಹೋದವರಿಗೆ ಅಂತ ಬಳಸುತ್ತಿದ್ದ ರಬ್ಬರು ಅದು. ಹಿಮ್ಮಡಿಗೆ ಹಿಂದೆ ಪಟ್ಟಿ ಇರಲೇಬೇಕು, ಆಗ ಕಳಚುವುದಿಲ್ಲ. ಹೆಬ್ಬೆರಳ ಸಂದಿಗೆ ಉಂಗುಷ್ಠ ಇರಬಾರದು, ಅಲ್ಲಿ ಉಜ್ಜಿ ಗಾಯ ಆಗುತ್ತದೆ. ನನಗೆ 900 ರೂಪಾಯಿ ಆಯಿತು. ಅಳತೆ ಸಂಜೆ ಕೊಡಿ, ಹೊತ್ತು ಕಳೆದಂತೆ ಪಾದ ಸ್ವಲ್ಪ ಊದುತ್ತದೆ. ಹೊಸದರಲ್ಲಿ ದಿನಕ್ಕೆ ಅರ್ಧ ಗಂಟೆ ಹಾಕಿ, ತೆಗೆದು, ಕಾಲು ಕೆಂಪಾಗಿದೆಯಾ ನೋಡಿ.

ಮನೆಯೊಳಗೂ ಒಂದು ಜೋಡಿ. ಇದು ನಮ್ಮ ಮನೆಯಲ್ಲಿ ದೊಡ್ಡ ಮಾತಾಯಿತು. ಒಳಗೆ ಚಪ್ಪಲಿ ಹಾಕಿ ಓಡಾಡಿದರೆ ಅಮ್ಮನಿಗೆ ಸರಿ ಕಾಣಲಿಲ್ಲ. ಗುಂಡುಸೂಜಿಯ ಕಥೆ ನೆನಪಿಸಿದ ಮೇಲೆ "ಅಡುಗೆಮನೆ ದೇವರಮನೆ ಬಿಟ್ಟು ಎಲ್ಲಿ ಬೇಕಾದರೂ ಹಾಕ್ಕೋಪ್ಪ" ಅಂದಳು. ದೇವಸ್ಥಾನಕ್ಕೆ ಬಿಳಿ ಕಾಲುಚೀಲ ಹಾಕಿಕೊಂಡು ಹೋಗುತ್ತೇನೆ. ಬಿಳಿಯೇ ಯಾಕೆಂದರೆ ರಕ್ತ ಬಂದರೆ ಕಾಣುತ್ತದೆ. ಬಿಸಿಲು ಏರಿದ ಮೇಲೆ ಹೋಗುವುದೇ ಇಲ್ಲ, ಪ್ರಾಂಗಣದ ಕಲ್ಲು ಕಾದಿರುತ್ತದೆ.

ಚಪ್ಪಲಿ ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸುತ್ತೇನೆ. ಮಾರ್ಚ್‌ನಲ್ಲಿ ಕೊಬ್ಬರಿ ಮಂಡಿ ಕಡೆ ಹೋಗಿ ಬಂದಿದ್ದೆ. ಮರುದಿನ ಕೈಯಾಡಿಸಿದರೆ ಬೆರಳಿಗೆ ಚುಚ್ಚಿತು. ತೆಂಗಿನ ಚಿಪ್ಪಿನ ಚೂರು, ತಳ ಸೀಳಿಕೊಂಡು ಒಳಗೆ ಅರ್ಧ ಇಂಚು ಬಂದು ನಿಂತಿದೆ. ಹಿಂದಿನ ದಿನ ಅದನ್ನೇ ಹಾಕಿಕೊಂಡು ಮನೆಗೆ ನಡೆದಿದ್ದೆ. ಮೆತ್ತನೆ ರಬ್ಬರ್ ದಪ್ಪ ಇದ್ದದ್ದಕ್ಕೆ ಉಳಿದೆ.

ಮೆಷಿನ್ನಿಗೂ ಮೋಟಾರ್ ಹಾಕಿಸಿದೆ, 1,800. ತುಳಿಯುವುದು ತಪ್ಪಿತು ಅಂದುಕೊಂಡರೆ ಇನ್ನೊಂದು ತೊಂದರೆ. ಮೋಟಾರಿನ ಪೆಡಲ್ ಎಷ್ಟು ಒತ್ತಿದೆ ಅಂತ ಕಾಲಿಗೆ ತಿಳಿಯುವುದಿಲ್ಲ. ಒಮ್ಮೆಲೇ ಸರ್ರನೆ ಓಡಿ ಒಂದು ಬ್ಲೌಸಿನ ತೋಳು ಹಾಳಾಯಿತು. ಕೊನೆಗೆ ಪೆಡಲಿನ ಅಡಿಯಲ್ಲಿ ಸಣ್ಣ ಮರದ ತುಂಡು ಅಂಟಿಸಿದೆ. ಅದಕ್ಕೆ ತಾಗಿದ ಮೇಲೆ ಪೆಡಲ್ ಕೆಳಗೆ ಹೋಗುವುದಿಲ್ಲ, ಮೆಷಿನ್ ನಿಧಾನವಾಗೇ ಓಡುತ್ತದೆ. ಟೈಲರ್ ಕೆಲಸದವರಿಗೆ ಇದು ಉಪಯೋಗಕ್ಕೆ ಬರಬಹುದು. ಅಂಗಡಿಯ ನೆಲದಲ್ಲಿ ಬಿದ್ದ ಸೂಜಿ ಎತ್ತಲು ದಾರಕ್ಕೆ ಕಟ್ಟಿದ ಅಯಸ್ಕಾಂತ ಇಟ್ಟಿದ್ದೇನೆ. ಬೀಗ ಹಾಕುವ ಮೊದಲು ಒಂದು ಸಲ ಎಳೆಯುತ್ತೇನೆ.

ಹೋದ ವಾರ ಮತ್ತೆ ಅದೇ ಕಡ್ಡಿ, ಅದೇ ವೋಲ್ಟ್. ಎಡ 33, ಬಲ 38. ಒಂದೂ ಇಳಿದಿಲ್ಲ. ಇಷ್ಟು ಪಥ್ಯ, ಇಷ್ಟು ಇಂಜೆಕ್ಷನ್, ಮುಖ ಸಪ್ಪಗಾಯಿತು. ಡಾಕ್ಟರ್ ಹಳೆಯ ವರದಿ ಪಕ್ಕ ಹೊಸದನ್ನಿಟ್ಟು, "ಏರಿಲ್ಲ ನೋಡಿ, ಒಂದು ಹುಣ್ಣೂ ಆಗಿಲ್ಲ. ನನಗೆ ಇದೇ ಬೇಕಿತ್ತು" ಅಂದರು. ಉರಿ ಪೂರ್ತಿ ಹೋಗಿಲ್ಲ. ಮೊದಲು ಹತ್ತಕ್ಕೆ ಒಂಬತ್ತು ಇದ್ದದ್ದು ಈಗ ಮೂರೋ ನಾಲ್ಕೋ. ರಾತ್ರಿ ಐದು ಗಂಟೆ ನಿದ್ದೆ ಬರುತ್ತದೆ. ಬಚ್ಚಲುಮನೆಯಲ್ಲಿ ನಿಲ್ಲುವುದು ನಿಂತಿದೆ.

ಮಲಗುವ ಮೊದಲು ಮನೆಯವಳು ಮೊಬೈಲ್ ಟಾರ್ಚ್ ಹಿಡಿಯುತ್ತಾಳೆ. ನಾನು ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಉಗುರನ್ನು ನೇರವಾಗಿ ಕತ್ತರಿಸುತ್ತೇನೆ, ಮೂಲೆ ಅಗೆಯುವುದಿಲ್ಲ. ಆಣಿ ಬಂದರೆ ಬ್ಲೇಡ್ ಹಾಕುವುದಿಲ್ಲ, ಆಣಿ ಕರಗಿಸುವ ಔಷಧಿಯನ್ನೂ ಹಚ್ಚುವುದಿಲ್ಲ. ಗಾಯ, ಕೀವು, ಕಪ್ಪಾದ ಚರ್ಮ ಕಂಡರೆ ಅವತ್ತೇ ಆಸ್ಪತ್ರೆ. ನೋವಿಲ್ಲದೆ ಒಂದೇ ಪಾದ ಊದಿ, ಬಿಸಿಯಾಗಿ, ಕೆಂಪಾದರೆ ಅದೂ ಅವತ್ತೇ. ಒಳಗೆ ಮೂಳೆ ಮುರಿದು ಕುಸಿಯುತ್ತಿರಬಹುದು, ಅಂಥ ಕಾಲಲ್ಲಿ ನಡೆಯಲೇಬಾರದು ಅಂತ ಹೇಳಿದ್ದಾರೆ.

ಮೊನ್ನೆ ಟೀ ಅಂಗಡಿ ಹತ್ತಿರ ಮಂಡಿಯ ಹಮಾಲಿ ಅಣ್ಣ ಒಬ್ಬರು ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಟೀ ತಗೊಂಡು ಹೊರಟವರ ಎಡಗಾಲಿನ ಚಪ್ಪಲಿ ಅಲ್ಲೇ ಉಳಿಯಿತು. ಅವರು ನಡೆದೇ ಹೋದರು. "ಅಣ್ಣಾ, ಚಪ್ಪಲಿ!" ಅಂತ ಕೂಗಿದೆ. ವಾಪಸ್ ಬಂದಾಗ ಕೂರಿಸಿ ಕಾಲು ನೋಡಿದೆ. ಕಿರುಬೆರಳಿನ ಬುಡದಲ್ಲಿ ನಾಣ್ಯದಷ್ಟು ಹುಣ್ಣು. "ನೋವಿಲ್ಲಪ್ಪ, ಅದೇ ಹೋಗುತ್ತೆ" ಅಂದರು. ಶುಗರ್ ಇದೆಯಾ ಅಂತ ಕೇಳಿದೆ, ಎಂಟು ವರ್ಷ ಅಂದರು. ಅಲ್ಲಿಂದಲೇ ಆಟೋ ಹತ್ತಿಸಿ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಯ ತೊಳೆದು ಕಟ್ಟು ಹಾಕಿದರು, ಬೆಂಗಳೂರಿಗೆ ರೆಫರಲ್ ಚೀಟಿಯೂ ಕೊಟ್ಟರು. ಅವರ ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ನನ್ನ ಫೈಲಿನಲ್ಲೇ ಇದೆ. ನಾಳೆ ಬೆಳಗ್ಗೆ ಇಬ್ಬರೂ ರೈಲು ಹತ್ತುತ್ತೇವೆ.